ಭೀಮೇಶ ಕೊಟ್ಟ ಪಿ.ಪಿ. ನಂಬರು

೨೨ ಜನವರಿ ೨೦೦೭, ಸೋಮವಾರ

ಹಿರಿಯಡಕದಲ್ಲಿ ಗೃಹಪ್ರವೇಶ. ಮನೆ ದೊಡ್ಡದು, ಯಜಮಾನರ ಭಕ್ತಿ ಸಣ್ಣದು. ಗಣಹೋಮದ ಪೂರ್ಣಾಹುತಿಯ ಹೊತ್ತಿಗೆ ಟಿ.ವಿ. ಯಾವ ಗೋಡೆಗೆ ಇಡುವುದೆಂದು ಗಂಡ ಹೆಂಡತಿ ಚರ್ಚೆ ಮಾಡುತ್ತಿದ್ದರು. ನಾನು ಎರಡು ಸಲ ಕೆಮ್ಮಿದೆ. ಹೊಗೆಗೆ ಕೆಮ್ಮಿದ್ದು ಎಂದುಕೊಂಡು ಕಿಟಕಿ ತೆರೆದರು.

ಊಟವಾಗಿ, ಮನೆ ಕಟ್ಟಿದ ಮೇಸ್ತ್ರಿ, ಆಚಾರಿ, ವಯರಿಂಗಿನವರಿಗೆಲ್ಲ ಶಾಲು ಹೊದೆಸಿ ಮರ್ಯಾದೆ ಮಾಡಿದ ಮೇಲೆ, ಚಪ್ಪರದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದೆವು. ಆಗ ನನ್ನ ಮೊಬೈಲ್ ಕುಂಯ್ ಎಂದಿತು. ಇದನ್ನು ಕೊಂಡದ್ದು ದೀಪಾವಳಿಗೆ. ಕಾರ್ಯಕ್ರಮ ನಿಶ್ಚಯಿಸುವವರು ಕರೆಯಲಿ ಎಂದು ಕೊಂಡದ್ದೇ ಹೊರತು ಸಂದೇಶ ಓದಲಿಕ್ಕಲ್ಲ. ಇಂಗ್ಲಿಷಿನಲ್ಲಿತ್ತು. ಪಿ.ಯು.ಸಿ.ಯ ಇಂಗ್ಲಿಷ್ ಕೂಡಿಸಿಕೊಂಡು ಓದಿದೆ. ಮಣಿಪಾಲದ ನಿಖರ ಲ್ಯಾಬ್ ಎಂಬಲ್ಲಿಂದ, ಯಾರೋ ಭೀಮೇಶ ಎಂಬವನಿಗೆ. ಯಾವ ಪರೀಕ್ಷೆ ಎಂದು ಇಲ್ಲಿ ಬರೆಯಲಿಕ್ಕೂ ನನಗೆ ನಾಚಿಕೆ. ಮಕ್ಕಳಾಗದ ಗಂಡಸರಿಗೆ ಮಾಡುವಂಥದ್ದು ಎಂದರೆ ಸಾಕು. ಎಣಿಕೆ ಕಡಿಮೆ ಉಂಟು, ಡಾಕ್ಟರನ್ನು ಕಾಣಬೇಕು ಎಂದಿತ್ತು. ಅದರಲ್ಲಿದ್ದ ಸೊನ್ನೆಗಳು ಸಂಕಲ್ಪದಲ್ಲಿ ಕಲಿಯುಗದ ವರ್ಷ ಹೇಳುವಾಗಲೂ ಬರುವುದಿಲ್ಲ. ಅಷ್ಟಿದ್ದೂ ಕಡಿಮೆಯಂತೆ.

ಪಕ್ಕದಲ್ಲಿದ್ದವರಿಗೆ ಓದಿ ಹೇಳಿದೆ. ವಯರಿಂಗಿನ ಜೋನ್ ನಗುತ್ತಾ ಕುರ್ಚಿಯಿಂದ ಬೀಳುವುದೊಂದು ಬಾಕಿ. “ಎಂತ ಭಟ್ರೇ, ಈ ಪ್ರಾಯದಲ್ಲಿ ನಿಮಗೆ ಇದೆಲ್ಲ ಬೇಕಿತ್ತಾ ಮಾರಾಯ್ರೆ?” ಎಂದ. “ನನಗಲ್ಲ, ಭೀಮೇಶನಿಗೆ” ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಹಳ ದಿನದ ನಂತರ ಹೊಟ್ಟೆ ತುಂಬ ನಕ್ಕದ್ದು.

ಮನೆಗೆ ಬಂದು ಪ್ರಭಾವತಿಗೆ ಹೇಳಿದರೆ ಅವಳು ನಗಲಿಲ್ಲ. “ಪಾಪ” ಎಂದಳು, ಅಷ್ಟೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ನಮಗೆ ಮಕ್ಕಳಿಲ್ಲ, ಆ ಮಾತು ಎತ್ತುವುದನ್ನು ಬಿಟ್ಟೂ ಬಹಳ ಕಾಲವಾಯಿತು. ಅವಳ ಮುಂದೆ ಹೇಳಬಾರದಿತ್ತೋ ಏನೋ.

೨೫ ಜನವರಿ, ಗುರುವಾರ

ಕಾಪುವಿನಲ್ಲಿ ಭೂಮಿಪೂಜೆ. ಸಂಕಲ್ಪದ ಮಧ್ಯೆ ಸೊಂಟದಲ್ಲಿ ಮತ್ತೆ ಕುಂಯ್. ಭೀಮೇಶ ಎರಡನೆಯ ಸಲ ಪರೀಕ್ಷೆಗೆ ಬರಬೇಕಂತೆ, ಅದಕ್ಕೆ ಮೊದಲು ಮೂರು ದಿನ ಬ್ರಹ್ಮಚರ್ಯ ಪಾಲಿಸಬೇಕಂತೆ. ನನಗೇ ವ್ರತ ಹೇಳಿಕೊಡುವ ಲ್ಯಾಬು.

ಬಸ್ ಸ್ಟ್ಯಾಂಡಿನಿಂದ ಅವರಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ಎತ್ತಿದಳು.

“ಭೀಮೇಶ್ ಅವರಾ ಸರ್?”

“ಅಲ್ಲ. ಅಲ್ಲ ಎಂದು ಹೇಳಲಿಕ್ಕೇ ಫೋನ್ ಮಾಡಿದ್ದು. ಈ ನಂಬರ್ ನನ್ನದು. ಅವನದ್ದು ನನಗೆ ಕಳಿಸಬೇಡಿ.”

“ಸಿಸ್ಟಮಲ್ಲಿ ಇದೇ ನಂಬರ್ ಉಂಟು ಸರ್. ಬದಲಾಯಿಸಬೇಕಾದರೆ ಪೇಷಂಟೇ ಬರಬೇಕು.”

“ಪೇಷಂಟ್ ಯಾರೆಂದೇ ನನಗೆ ಗೊತ್ತಿಲ್ಲ.”

“ಹಾಗಾದರೆ ಆಗುವುದಿಲ್ಲ ಸರ್. ಬೇರೆಯವರ ವಿಷಯ ನಾವು ಬೇರೆಯವರ ಹತ್ತಿರ ಮಾತಾಡುವ ಹಾಗಿಲ್ಲ.”

ಅವನ ಹೊಟ್ಟೆಯೊಳಗಿನದ್ದೆಲ್ಲ ನನಗೆ ಬರೆದು ಕಳಿಸಬಹುದು, ಮಾತಾಡುವ ಹಾಗಿಲ್ಲ! ಉಡುಪಿಯವರೆಗೆ ಬಸ್ಸಿನಲ್ಲಿ ಕುದಿಯುತ್ತಾ ಬಂದೆ. ಇದನ್ನು ನಿಲ್ಲಿಸದೆ ಬಿಡುವವನಲ್ಲ ನಾನು.

೨೯ ಜನವರಿ, ಸೋಮವಾರ

ಮಣಿಪಾಲಕ್ಕೆ ಹೋಗಿ ಲ್ಯಾಬಿನ ಮೆಟ್ಟಿಲು ಹತ್ತಿದೆ. ಒಳಗೆ ಇಪ್ಪತ್ತು ಜನ ಕೂತಿದ್ದರು. ಫೋನಿನ ಹುಡುಗಿಯ ಹೆಸರು ಡುಲ್ಸಿನ್. ನಾನು ಮೆಲ್ಲಗೆ ವಿಷಯ ಹೇಳಿದರೆ ಅವಳು ಒಳಗಿನ ಕೋಣೆಗೆ ಕೇಳುವ ಹಾಗೆ, ಯಾವ ಪರೀಕ್ಷೆ ಎಂಬ ಶಬ್ದ ಸಹಿತ, “ಸರ್, ಆ ರಿಪೋರ್ಟಿನವರು ಬಂದಿದ್ದಾರೆ” ಎಂದಳು. ಇಪ್ಪತ್ತು ಜನವೂ ನನ್ನ ಜುಟ್ಟು, ಶಲ್ಯ, ಗಂಧ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮ್ಯಾನೇಜರ್ ರೊಸಾರಿಯೊ ಒಳ್ಳೆಯ ಮನುಷ್ಯ, ಆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ. ಈ ಸಂದೇಶದ ವ್ಯವಸ್ಥೆ ಹೊಸತು, ಜನರ ಅನುಕೂಲಕ್ಕೆ ಮಾಡಿದ್ದು, ಕಂಪ್ಯೂಟರ್ ಇರುವುದು ಮಂಗಳೂರಿನ ಹೆಡ್ ಆಫೀಸಿನಲ್ಲಿ, ಬರೆದು ಕೊಟ್ಟರೆ ಫ್ಯಾಕ್ಸ್ ಮಾಡುತ್ತಾರೆ. ಅಲ್ಲೇ ಬರೆದುಕೊಟ್ಟೆ. ಕನ್ನಡದಲ್ಲಿ ಬರೆದರೆ ಮಂಗಳೂರಿನಲ್ಲಿ ಓದುವವರಿಲ್ಲವಂತೆ. ಇಂಗ್ಲಿಷಿನಲ್ಲಿ ಇನ್ನೊಂದು ಬರೆದೆ.

ಡುಲ್ಸಿನ್‌ಗೆ ಪಾಪ ಎನಿಸಿರಬೇಕು. ಭೀಮೇಶ ತುಂಬಿದ ಫಾರಂ ತೆಗೆದು ತೋರಿಸಿದಳು. ತೋರಿಸಬಾರದಿತ್ತು, ನಾನು ನೋಡಬಾರದಿತ್ತು, ಇಬ್ಬರೂ ತಪ್ಪು ಮಾಡಿದೆವು. ಪ್ರಾಯ ಇಪ್ಪತ್ತೊಂಬತ್ತು, ಚಂದಪ್ಪ ಮೇಸ್ತ್ರಿಯ ಕೈಕೆಳಗೆ ಗಾರೆ ಕೆಲಸ, ಮಣಿಪಾಲ. ನನ್ನ ನಂಬರಿನ ಪಕ್ಕದಲ್ಲಿ ಓರೆ ಅಕ್ಷರದಲ್ಲಿ “ಪಿ.ಪಿ.” ಎಂದು ಬರೆದಿದ್ದ.

ಪಿ.ಪಿ. ಎಂದರೆ ನನಗೆ ಗೊತ್ತಿಲ್ಲದ್ದೇ? ಪೆರ್ಡೂರಿನ ನಮ್ಮ ಬೀದಿಯಲ್ಲಿ ಮೊದಲು ಫೋನ್ ಬಂದದ್ದು ನಮಗೆ. ಹನ್ನೊಂದು ಮನೆಯವರು ನಮ್ಮ ನಂಬರು ಕೊಟ್ಟು ಪಕ್ಕದಲ್ಲಿ ಪಿ.ಪಿ. ಎಂದು ಬರೆಯುತ್ತಿದ್ದರು. ಫೋನ್ ಬಂದರೆ ಓಡಿಹೋಗಿ ಕರೆಯುವುದು ನಮ್ಮ ಕೆಲಸ. ಮುಂಬೈಯಿಂದ ಗಂಡ ಮಾತಾಡುವಾಗ ಆ ಹೆಂಗಸರಿಗೆ ಕಿರಿಕಿರಿಯಾಗದಿರಲಿ ಎಂದು ಪ್ರಭಾವತಿ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು. ಆದರೆ ಅವರೆಲ್ಲ ನಮ್ಮನ್ನು ಕೇಳಿ ಕೊಟ್ಟವರು. ಈ ಭೀಮೇಶ ಯಾರ ಅಪ್ಪಣೆ ಕೇಳಿದ?

೨ ಫೆಬ್ರವರಿ, ಶುಕ್ರವಾರ

ಮೂರನೆಯ ಸಂದೇಶ. “ನೆನಪಿಸುತ್ತಿದ್ದೇವೆ” ಎಂದು ಶುರುವಾಗಿ ಹಿಂದಿನದ್ದೆಲ್ಲ ಮತ್ತೊಮ್ಮೆ. ಫ್ಯಾಕ್ಸ್ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಹೊಸ ನಂಬರ್ ತೆಗೆದುಕೊಳ್ಳಿ ಎಂದು ಪಕ್ಕದ ಮನೆಯವರ ಸಲಹೆ. ನೆಗಡಿಯಾಯಿತೆಂದು ಮೂಗು ಕೊಯ್ಯುವವನಲ್ಲ ನಾನು. ಪೇಷಂಟೇ ಬರಬೇಕಲ್ಲವೇ? ಪೇಷಂಟನ್ನೇ ಹಿಡಿದು ತರುತ್ತೇನೆ.

೫ ಫೆಬ್ರವರಿ, ಸೋಮವಾರ

ಚಂದಪ್ಪನನ್ನು ಹುಡುಕುವುದು ಕಷ್ಟವಾಗಲಿಲ್ಲ. ಮಣಿಪಾಲದಲ್ಲಿ ಏಳುತ್ತಿರುವ ಐದು ಮಾಳಿಗೆಯ ಕಟ್ಟಡ. ಹೋಗಿ ನಿಂತ ಮೇಲೆ ನೆನಪಾಯಿತು, ಇದರ ಭೂಮಿಪೂಜೆ ಮಾಡಿದವನು ನಾನೇ.

ಸಿಮೆಂಟ್ ಇಡುವ ಶೆಡ್ಡಿನ ಗೋಡೆ ತುಂಬ ಪೆನ್ಸಿಲಿನಲ್ಲಿ, ಇದ್ದಿಲಿನಲ್ಲಿ ಫೋನ್ ನಂಬರುಗಳು. ಮರಳು ಲಾರಿ, ಕಬ್ಬಿಣ, ವಯರಿಂಗ್ ಜೋನ್, ಜೆಲ್ಲಿ. ನಡುವೆ “ಪೂಜಿ ಭಟ್ಟರು” ಎಂದು ನನ್ನದು. ಚಂದಪ್ಪ ಬಾದಾಮಿ ಕಡೆಯವನು, ನೋಡಿದ ಕೂಡಲೇ ಇಟ್ಟಿಗೆಯ ಮೇಲೆ ಚೀಲ ಹಾಸಿ ಕೂರಿಸಿದ.

“ಏನ್ರಿ ಭಟ್ರ, ಇತ್ತಾಗ ಬಂದ್ರಿ? ಜೋನ ಈಗ ಬಂದು ನಿಮ್ಮ ಸುದ್ದಿ ಹೇಳಿ ನಮ್ಮನ್ನ ನಗಿಸಿ ನಗಿಸಿ ಇಟ್ಟಾನ್ರಿ. ಯಾವನೋ ಭೀಮೇಶಂದು ನಿಮಗ ಬಂತಂತಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಅವನೇ ಮುಂದುವರಿಸಿದ. “ನಮ್ಮಂತೇಲೂ ಒಬ್ಬ ಭೀಮೇಶ ಅದಾನ್ರಿ. ಮದುವಿ ಆಗಿ ಐದು ವರ್ಸ ಆತು, ಮಕ್ಕಳಿಲ್ಲ. ಅವರವ್ವ ಇವನಿಗೆ ಎರಡನೇದು ಮಾಡಬೇಕಂತ ಇವತ್ತ ಊರಿಂದ ಬರ್ತಾಳ. ಅಂವ ಬಸ್ ಸ್ಟ್ಯಾಂಡಿಗೆ ಹೋಗ್ಯಾನ. ಅಂವಂದೇನ್ರಿ ಅದು?” ಎನ್ನುತ್ತಾ ನಕ್ಕ. ಅವನ ಹಿಂದೆ ನಾಲ್ಕು ಜನ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಅವರ ಆಚೆ ಒಬ್ಬಳು ಹೆಂಗಸು ಜೆಲ್ಲಿ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದಳು. ಅವಳು ನಿಲ್ಲಲಿಲ್ಲ, ಹೆಜ್ಜೆ ಮಾತ್ರ ನಿಧಾನವಾಯಿತು. ಅದು ಭೀಮೇಶನ ಹೆಂಡತಿ ಅಶ್ವಿನಿ ಎಂದು ಆಮೇಲೆ ಗೊತ್ತಾಯಿತು.

“ಅಲ್ಲ. ಅವನು ಮಂಗಳೂರು ಕಡೆಯವನು, ಬ್ಯಾಂಕಿನಲ್ಲಿ ಕೆಲಸ. ನಾನು ವಿಚಾರಿಸಿದ್ದೇನೆ” ಎಂದೆ.

ಬಂದದ್ದು ಎಂತಕ್ಕೆ ಎಂದು ಕೇಳಿದ. ಗೃಹಪ್ರವೇಶ ಯಾವಾಗ ಎಂದು ತಿಳಿದುಕೊಳ್ಳಲಿಕ್ಕೆ ಎಂದೆ. ಮೂರನೆಯ ಮಾಳಿಗೆಗೆ ಇನ್ನೂ ಗೋಡೆಯಿಲ್ಲ.

ಐವತ್ತನಾಲ್ಕು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಸುಳ್ಳು ಹೇಳಿದ್ದು ನೆನಪಿಲ್ಲ. ಸಂಜೆ ಸಾವಿರದೆಂಟು ಗಾಯತ್ರಿ ಹೆಚ್ಚು ಮಾಡಿದೆ. ಮನಸ್ಸು ಸಮಾಧಾನವಾಗಲಿಲ್ಲ. ಸುಳ್ಳಿಗಲ್ಲ, ಹಿರಿಯಡಕದ ಚಪ್ಪರದ ನಗೆಗೆ. ಹೆಸರಾದರೂ ಹೇಳದೆ ಇರಬಹುದಿತ್ತು.

೯ ಫೆಬ್ರವರಿ, ಶುಕ್ರವಾರ

ಪೇಷಂಟನ್ನು ಹಿಡಿದು ತರುತ್ತೇನೆ ಎಂದಿದ್ದೆ. ಪೇಷಂಟೇ ಮನೆಗೆ ಬಂದ.

ಬೆಳಿಗ್ಗೆ ಹತ್ತಕ್ಕೆ ಮೂವರು ಅಂಗಳದಲ್ಲಿ. ಮುಂದೆ ಹನುಮವ್ವ, ಭೀಮೇಶನ ತಾಯಿ. ಇಳಕಲ್ ಸೀರೆ, ಹಣೆಗೆ ದೊಡ್ಡ ಕುಂಕುಮ, ಮಾತು ಕಡ್ಡಿ ಮುರಿದ ಹಾಗೆ. ಹಿಂದೆ ಭೀಮೇಶ, ಎತ್ತರದ ಆಳು, ಕತ್ತು ಬಗ್ಗಿಸಿಕೊಂಡೇ ಬಂದ. ಎಲ್ಲರಿಗಿಂತ ಹಿಂದೆ ಅಶ್ವಿನಿ, ಜಗಲಿಯ ತುದಿಯಲ್ಲಿ ಕೂತಳು. ಒಳ್ಳೆಯ ದಿನ ನೋಡಿಕೊಡುವ ಭಟ್ಟರು ಎಂದು ಚಂದಪ್ಪನೇ ಕಳಿಸಿದ್ದಂತೆ. ಪ್ರಭಾವತಿ ನೀರು ಬೆಲ್ಲ ಇಟ್ಟು ಒಳಗೆ ಹೋದಳು.

“ಐದು ವರ್ಸ ಆತ್ರಿ ಅಪ್ಪಾರ, ಈಕಿ ಹೊಟ್ಟಿ ತುಂಬಲಿಲ್ಲ” ಎಂದಳು ಹನುಮವ್ವ. “ನನ್ನ ತಮ್ಮನ ಮಗಳು ಅದಾಳ. ಬರೂ ತಿಂಗಳದಾಗ ಒಂದು ಚೊಲೊ ದಿನ ತೆಗದು ಕೊಡ್ರಿ. ಈಕಿನೂ ಇರಲಿ, ನಾವೇನು ಹೊರಗ ಹಾಕೂದಿಲ್ಲ.”

“ಅವಳನ್ನು ಕೇಳಿದ್ದೀರಾ?”

“ಈಕಿನ್ನ ಏನ್ ಕೇಳೂದ್ರಿ? ಬಂಜಿಗೆ ಎಲ್ಲೀ ಮಾತು?”

ಅಶ್ವಿನಿ ಸೀರೆಯ ಸೆರಗಿನ ದಾರ ಕೀಳುತ್ತಿದ್ದಳು. ಒಳಗೆ ಪ್ರಭಾವತಿ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು.

ನಾನು ಪಂಚಾಂಗ ಬಿಡಿಸಿದೆ. ಅಕ್ಷರ ಕಾಣುತ್ತಿರಲಿಲ್ಲ. ಬಾವಿಯಿಂದ ಎರಡು ಕೊಡ ನೀರು ಸೇದಿ ಕೊಡು ಮಗಾ ಎಂದು ಭೀಮೇಶನನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆ. ಹಗ್ಗ ಹಿಡಿದವನ ಹತ್ತಿರ, ಲ್ಯಾಬಿನಲ್ಲಿ ನನ್ನ ನಂಬರು ಯಾಕೆ ಕೊಟ್ಟೆ ಎಂದು ಕೇಳಿದೆ.

ಅವನು ಹಗ್ಗ ಬಿಡಲಿಲ್ಲ. ನೀರು ನೋಡುತ್ತಲೇ ಹೇಳಿದ. “ಫೋನ್ ನಂಬರ್ ಬೇಕ ಬೇಕು ಅಂದ್ರು. ನನ್ನಂತೇಲಿ ಎಲ್ಲೈತ್ರಿ? ಮೇಸ್ತ್ರಿದು ಕೊಟ್ಟರ ಇಡೀ ಶೆಡ್ಡಿಗೆ ಗೊತ್ತಾಗ್ತದ. ಗ್ವಾಡಿ ಮ್ಯಾಲಿಂದು ನಿಮ್ದ ಬೀಡಿ ಕಟ್ಟಿನ ಮ್ಯಾಲೆ ಬರಕೊಂಡು ಹೋಗಿದ್ದೆ. ದೇವರ ಕೆಲಸ ಮಾಡೋ ಮಂದಿ, ಇನ್ನೊಬ್ಬರ ಮುಂದ ಆಡೂದಿಲ್ಲ, ನಗೂದಿಲ್ಲ ಅಂತ. ಏನರೆ ಇದ್ದರ ನೀವು ಹೇಳಿ ಕಳಸ್ತೀರಿ ಅಂತ ಕಾದೆ. ನಿಮ್ಮ ಕಡಿಂದ ಏನೂ ಬರಲಿಲ್ಲ. ಹಂಗಾರ ನಂದು ಚೊಲೊ ಐತಿ, ಆಕಿದ ಏನೋ ಕಮ್ಮಿ ಐತಿ ಅಂತ ತಿಳಕೊಂಡೆ. ಅದಕ್ಕ ಅವ್ವಗ ಹೂಂ ಅಂದೆ.”

ಬಾವಿಕಟ್ಟೆಗೆ ಕೈ ಕೊಟ್ಟು ನಿಂತೆ. ನಾನು ಹದಿನೆಂಟು ದಿನ ನನ್ನ ಮೊಬೈಲಿನ ಕಿರಿಕಿರಿ ಎಂದು ಊರೂರು ಹಾರಾಡಿದ್ದು ಒಬ್ಬನಿಗೆ ಬಂದ ಕರೆಗೆ. ಹನ್ನೊಂದು ಮನೆಯವರನ್ನು ಓಡಿ ಓಡಿ ಕರೆದವನು ಇವನನ್ನು ಕರೆಯಲಿಲ್ಲ.

ಮೂರೂ ಸಂದೇಶ ತೆಗೆದು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಎಣಿಕೆ ಕಡಿಮೆ ಉಂಟು, ಇಲ್ಲವೇ ಇಲ್ಲ ಎಂದಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕಾಣಬೇಕು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ.

“ಅವ್ವಗ ನೀವು ಹೇಳ್ತೀರೇನ್ರಿ?”

“ಇಲ್ಲ. ಹೇಳುವುದು, ಬಿಡುವುದು ನಿನ್ನದು. ನನ್ನ ಬಾಯಿಂದ ಇದು ಬರುವುದಿಲ್ಲ. ಆದರೆ ಮದುವೆಯ ದಿನವೂ ನನ್ನ ಬಾಯಿಂದ ಬರುವುದಿಲ್ಲ.”

ಜಗಲಿಗೆ ಬಂದು ಹನುಮವ್ವನಿಗೆ, ಭೀಮೇಶನ ಹೆಸರಿಗೆ ಈ ಫಾಲ್ಗುಣದಲ್ಲಿ ಮದುವೆಯ ಬಲವಿಲ್ಲ, ದಿನ ಇಟ್ಟುಕೊಡಲು ಆಗುವುದಿಲ್ಲ ಎಂದೆ. ಬೇರೆ ಭಟ್ಟರನ್ನು ಕೇಳುತ್ತೇನೆ ಎಂದು ಸಿಟ್ಟಿನಲ್ಲೇ ಎದ್ದಳು. ಇದು ಎರಡನೆಯ ಸುಳ್ಳು. ಇದಕ್ಕೆ ಜಪ ಮಾಡುವುದಿಲ್ಲ.

೧೦ ಫೆಬ್ರವರಿ, ಶನಿವಾರ

ಹೊರಗೆ ಹೋಗಲಿಲ್ಲ. ಪ್ರಭಾವತಿ ಎರಡು ಸಲ ಜ್ವರವಾ ಎಂದು ಕೇಳಿದಳು.

ಇನ್ನೊಬ್ಬರ ರಿಪೋರ್ಟನ್ನು ಕಿಸೆಯಲ್ಲಿಟ್ಟುಕೊಂಡು ಸುಮ್ಮನಿದ್ದದ್ದು ನನಗೆ ಇದು ಮೊದಲ ಸಲವಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ.

೧೩ ಫೆಬ್ರವರಿ, ಮಂಗಳವಾರ

ಭೀಮೇಶನನ್ನು ಕರೆದುಕೊಂಡು ಲ್ಯಾಬಿಗೆ ಹೋದೆ. ಎಂಬತ್ತು ಬಡಗಬೆಟ್ಟು ಎಂಬ ಊರಿನ ಸ್ಟಾಪಿನಲ್ಲಿ ಅವನು ಬಸ್ಸು ಹತ್ತಿ ನನ್ನ ಪಕ್ಕ ಕೂತಾಗ, ಹಿರಿಯಡಕದಲ್ಲಿ ನಾನು ಓದಿ ಹೇಳಿ ನಕ್ಕದ್ದನ್ನು ಹೇಳಿದೆ. ಹೇಳದಿದ್ದರೆ ಅವನ ಜೊತೆ ಆ ಮೆಟ್ಟಿಲು ಹತ್ತಲು ನನಗೆ ಮುಖವಿರಲಿಲ್ಲ.

“ಹೆಸರ ಹೇಳಿದ್ರೇನ್ರಿ?”

“ಹೇಳಿದೆ.”

ಅವನು ಕಿಟಕಿಯಿಂದ ಹೊರಗೆ ನೋಡಿದ. ಮಣಿಪಾಲ ಬಂದಾಗ “ಇಳೀರಿ, ಬಂತು” ಎಂದ. ಬೈದಿದ್ದರೆ ಹಗುರವಾಗುತ್ತಿತ್ತು.

ಪೇಷಂಟ್ ಬಂದಿದ್ದಾನೆ, ನನ್ನ ನಂಬರು ತೆಗೆಯಿರಿ ಎಂದೆ. ಡುಲ್ಸಿನ್ ಕಂಪ್ಯೂಟರ್ ಒತ್ತಿದಳು. ಹಳೆಯದನ್ನು ತೆಗೆದರೆ ಹೊಸದು ಹಾಕಬೇಕು, ಹತ್ತು ಅಂಕೆ ಇಲ್ಲದೆ ಅದು ಮುಂದೆ ಹೋಗುವುದಿಲ್ಲ. ಭೀಮೇಶನಿಗೆ ಫೋನಿಲ್ಲ. “ನಿಮ್ದ ಇರಲಿ ಬಿಡ್ರಿ” ಎಂದು ಮೆಲ್ಲಗೆ ನನಗೇ ಹೇಳಿದ. ಇಷ್ಟಾದ ಮೇಲೂ.

ರೊಸಾರಿಯೊ ಅವರ ಕೋಣೆಗೆ ಹೋಗಿ ಹೇಳಿದೆ. “ನಾನು ಇವನ ಪಿ.ಪಿ., ಒಪ್ಪಿದೆ. ಪಿ.ಪಿ.ಗೆ ಎಂತ ಹೇಳುತ್ತಾರೆ? ಇಂಥವರನ್ನು ಸ್ವಲ್ಪ ಕರೆಯಿರಿ ಎಂದು. ಅಷ್ಟೆ. ಅವರ ಮಾತು ಅವರು ಆಡುವಾಗ ನಾವು ಅಂಗಳದಲ್ಲಿ ನಿಲ್ಲುತ್ತೇವೆ. ನೀವೂ ಅಷ್ಟೇ ಕಳಿಸಿ, ರಿಪೋರ್ಟ್ ರೆಡಿ ಉಂಟು, ಬನ್ನಿ ಎಂದು. ಪರೀಕ್ಷೆಯ ಹೆಸರು ಬೇಡ, ಎಣಿಕೆ ಬೇಡ. ಒಳಗಿನದ್ದನ್ನು ಲಕೋಟೆಯಲ್ಲಿ ಅಂಟಿಸಿ ಅವರ ಕೈಗೇ ಕೊಡಿ.”

“ಭಟ್ರೇ, ನೀವು ಹೇಳುವುದು ಸರಿ. ಆದರೆ ಅದೆಲ್ಲ ಹೆಡ್ ಆಫೀಸಿನವರ ಕೈಯಲ್ಲಿ ಉಂಟು. ಒಬ್ಬರಿಗೋಸ್ಕರ ಬದಲಾಯಿಸಲಿಕ್ಕೆ ಆಗುವುದಿಲ್ಲ.”

“ಹಾಗಾದರೆ ಆಗುವವರೆಗೆ ಕೂತಿರುತ್ತೇನೆ.”

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಜುಟ್ಟು, ಶಲ್ಯ, ಮೊಣಕಾಲ ಮೇಲೆ ಪಂಚಾಂಗ. ಬಂದವರೆಲ್ಲ, ಭಟ್ರು ಇಲ್ಲಿ ಎಂತ, ಹುಷಾರಿಲ್ಲವಾ ಎಂದು ಕೇಳುವವರೇ. ಹುಷಾರಿದ್ದೇನೆ, ಬೇರೆಯವರ ರಿಪೋರ್ಟುಗಳು ನನ್ನ ಮೊಬೈಲಿಗೆ ಬರುತ್ತವೆ, ನಾಳೆ ನಿಮ್ಮದೂ ಬರಬಹುದು, ನೀವು ಯಾರ ನಂಬರು ಕೊಟ್ಟಿದ್ದೀರಿ ಎಂದು ನೋಡಿಕೊಳ್ಳಿ ಎಂದೆ. ಭೀಮೇಶನ ಹೆಸರು ಎತ್ತಲಿಲ್ಲ. ಅವನು ದೂರದ ಬೆಂಚಿನಲ್ಲಿ ನನ್ನ ಪರಿಚಯವೇ ಇಲ್ಲದವನ ಹಾಗೆ ಕೂತಿದ್ದ, ಅದು ನಾನೇ ಹೇಳಿದ್ದು.

ಮೊದಲು ಎದ್ದವರು ಒಬ್ಬ ಮುದುಕಿ. “ನನ್ನದಕ್ಕೆ ಸೊಸೆಯ ನಂಬರ್ ಹಾಕಿದ್ದೀಯಾ ಮಗಾ?” ಎಂದು ಡುಲ್ಸಿನ್ ಹತ್ತಿರ ಕೇಳಿದರು. ಆಮೇಲೆ ಟೈ ಕಟ್ಟಿದವನೊಬ್ಬ, ಆಫೀಸಿನ ಮೊಬೈಲ್ ಕೊಟ್ಟವನಂತೆ, ಮುಖ ಬಿಳುಪೇರಿತು. ಹಾಸ್ಟೆಲಿನ ಇಬ್ಬರು ಹುಡುಗಿಯರು ತಮ್ಮೊಳಗೆ ಗುಸುಗುಸು ಮಾಡಿಕೊಂಡು ಫಾರಂ ವಾಪಸು ಕೇಳಿದರು. ಹನ್ನೆರಡು ಗಂಟೆಯ ಹೊತ್ತಿಗೆ ಕೌಂಟರಿನ ಮುಂದೆ ಸಾಲು. ರೊಸಾರಿಯೊ ಮೂರು ಸಲ ಹೊರಗೆ ಇಣುಕಿದರು, ನಾಲ್ಕನೆಯ ಸಲ ಮಂಗಳೂರಿಗೆ ಫೋನ್ ಹಚ್ಚಿದರು. ಕನ್ನಡ, ಇಂಗ್ಲಿಷ್, ಕೊಂಕಣಿ ಮೂರರಲ್ಲೂ ಬೈಸಿಕೊಂಡರು ಎಂದು ಕಾಣುತ್ತದೆ. ಒಂದೂವರೆಗೆ ಹೊರಗೆ ಬಂದು, ಇವತ್ತಿನಿಂದ ಸಂದೇಶ ನಿಲ್ಲಿಸಿದ್ದೇವೆ, ಮುಂದೆ ರಿಪೋರ್ಟ್ ರೆಡಿ ಎಂದು ಮಾತ್ರ ಹೋಗುತ್ತದೆ ಎಂದರು. ಬರೆದು ಕೊಡಿ ಎಂದೆ. ಕೊಟ್ಟರು. ಕನ್ನಡದಲ್ಲಿ ಬರೆಸಿಕೊಂಡೆ.

ಭೀಮೇಶ ಎರಡನೆಯ ಪರೀಕ್ಷೆಗೆ ಒಳಗೆ ಹೋದ. ನಾನು ಮೆಟ್ಟಿಲ ಕೆಳಗೆ ಹೋಗಿ ನಿಂತೆ.

೧೭ ಫೆಬ್ರವರಿ, ಶನಿವಾರ

ನಿನ್ನೆ ಶಿವರಾತ್ರಿ, ಬಿಡುವಿಲ್ಲ. ಇವತ್ತು ಕುಂಯ್ ಎಂದಿತು. “ರಿಪೋರ್ಟ್ ರೆಡಿ ಇದೆ, ಬನ್ನಿ.” ಹೆಸರಿಲ್ಲ, ಬೇರೇನೂ ಇಲ್ಲ. ಗೆದ್ದೆ. ಒಳಗೆ ಎಂತ ಉಂಟೋ ಎಂದು ಮಧ್ಯಾಹ್ನವಿಡೀ ಯೋಚನೆಯಾಯಿತು, ಅದು ಬೇರೆ ಮಾತು. ಶೆಡ್ಡಿನವರೆಗೆ ಹೋಗಿ, ಲ್ಯಾಬಿನವರು ಕರೆಯುತ್ತಾರೆ ಎಂದು ಭೀಮೇಶನಿಗೆ ಮಾತ್ರ ಕೇಳುವ ಹಾಗೆ ಹೇಳಿ ಬಂದೆ.

೨೧ ಫೆಬ್ರವರಿ, ಬುಧವಾರ

ಭೀಮೇಶ, ಅಶ್ವಿನಿ ಬಂದಿದ್ದರು. ಭಾನುವಾರ ತಾಯಿಯ ಮುಂದೆ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನೇ ಹೇಳಿದನಂತೆ. ಹನುಮವ್ವ ಮೊದಲು ಸುಳ್ಳೆಂದಳು, ಆಮೇಲೆ ಕಸಬರಿಗೆ ತೆಗೆದುಕೊಂಡು ಮಗನಿಗೆ ನಾಲ್ಕು ಬಾರಿಸಿದಳು, ಆಮೇಲೆ ಅತ್ತಳು. ಸೋಮವಾರದ ಬಸ್ಸಿಗೆ ಊರಿಗೆ ಹೋದಳು. ತಮ್ಮನಿಗೆ ಏನು ಹೇಳಬೇಕೋ ಅದನ್ನು ತಾನೇ ಹೇಳುತ್ತೇನೆ, ನಿನ್ನ ಹೆಸರು ತೆಗೆಯುವುದಿಲ್ಲ ಎಂದಳಂತೆ. ಕಡ್ಡಿ ಮುರಿದಂಥ ಮಾತಿನವಳಿಗೂ ಇಷ್ಟು ಗೊತ್ತು, ನನಗೆ ಗೊತ್ತಿರಲಿಲ್ಲ.

“ನೀನು ಎಂತ ಹೇಳಿದೆ ಅಶ್ವಿನಿ?” ಎಂದು ಪ್ರಭಾವತಿ ಕೇಳಿದಳು.

“ಐದು ವರ್ಸ ನಾ ಯಾಕ ಬೈಸಿಕೊಂಡೆ ಹಂಗಾರ, ಅಂತ ಕೇಳಿದೇನ್ರಿ ಅಮ್ಮಾರ. ಇಂವ ಸುಮ್ಮ ಕುಂತ. ಕುಂದ್ರಲಿ ಬಿಡ್ರಿ. ಈಗರೆ ಹೇಳಿದನಲ್ಲ.”

ಎರಡನೆಯ ಲಕೋಟೆಯಲ್ಲಿ ಏನಿತ್ತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಡಾಕ್ಟರು ಔಷಧಿ ಬರೆದಿದ್ದಾರಂತೆ. ಹೊರಡುವಾಗ ಪ್ರಭಾವತಿ ಅಶ್ವಿನಿಗೆ ಕುಂಕುಮ ಕೊಟ್ಟು, ಅವಳ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

೪ ಮಾರ್ಚ್, ಭಾನುವಾರ

ಕಾರ್ಕಳದಲ್ಲಿ ಪುಷ್ಪಾವತಿ ಅಕ್ಕನ ಮೊಮ್ಮಗನ ನಾಮಕರಣ. ನಾನೇ ಪುರೋಹಿತ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಹೆಂಗಸರೆಲ್ಲ ಸುತ್ತ ನಿಂತರು. ಅಕ್ಕ ಎಂದಿನ ಹಾಗೆ, “ಪ್ರಭಾ, ನೀನು ಒಳಗೆ ಹೋಗಿ ಪಾಯಸ ನೋಡು” ಎಂದಳು. ಪ್ರಭಾವತಿ ಎಂದಿನ ಹಾಗೆ ತಿರುಗಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೋ ಇದನ್ನು. ಮಂತ್ರ ಹೇಳುತ್ತಾ ನೋಡಿದ್ದೇನೆ.

ಇವತ್ತು ಮಂತ್ರ ಬಾಯಿಗೆ ಬರಲಿಲ್ಲ. “ಅಕ್ಕಾ, ಅವಳು ಯಾಕೆ ಒಳಗೆ ಹೋಗಬೇಕು?” ಎಂದೆ. “ಎಂಬತ್ತೊಂದರಲ್ಲಿ ಡಾಕ್ಟರು ಇಬ್ಬರಿಗೂ ಪರೀಕ್ಷೆ ಬರೆದಿದ್ದರು. ಅವಳು ಮಾಡಿಸಿದಳು, ರಿಪೋರ್ಟ್ ತಂದವನು ನಾನು. ಅವಳದು ಎಲ್ಲ ಸರಿ ಇತ್ತು. ನನಗೆ ವೀರ್ಯಪರೀಕ್ಷೆ ಹೇಳಿದ್ದರು. ನಾನು ಹೋಗಲೇ ಇಲ್ಲ.”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮಗುವಿನ ತಾಯಿ, ಚಿಕ್ಕ ಹುಡುಗಿ, ಅವಳೊಬ್ಬಳು ಎರಡು ಹೆಜ್ಜೆ ಮುಂದೆ ಬಂದು ಮಗುವನ್ನು ಪ್ರಭಾವತಿಯ ಕೈಗೆ ಕೊಟ್ಟಳು. ಪ್ರಭಾವತಿ ತೊಟ್ಟಿಲಿಗೆ ಹಾಕಿದಳು. ಮಗು ಅಳಲಿಲ್ಲ. ನಾನು ಬಿಟ್ಟಲ್ಲಿಂದ ಮಂತ್ರ ಹಿಡಿದೆ.

ಅವಳ ಪರವಾಗಿ ಮಾತಾಡಿದೆ ಎಂಬ ಹೆಮ್ಮೆಯಲ್ಲೇ ಬಸ್ಸು ಹತ್ತಿದೆ. ಬೈಲೂರು ದಾಟಿದ ಮೇಲೆ ಅವಳು ಮುಂದಿನ ಸೀಟು ನೋಡುತ್ತಾ ಕೇಳಿದಳು.

“ನನ್ನದು ಸರಿ ಇತ್ತಾ?”

“ಹೌದು.”

“ರಿಪೋರ್ಟ್ ತಂದ ದಿನ ನಾನು ಕೇಳಿದ್ದೆ. ಡಾಕ್ಟರು ಏನೂ ಹೇಳಲಿಲ್ಲ, ದೇವರು ಕೊಟ್ಟಾಗ ಆಗುತ್ತದೆ ಎಂದಿರಿ.”

“ಹೌದು.”

“ನನ್ನಲ್ಲೇ ಏನೋ ಉಂಟು ಎಂದುಕೊಂಡೇ ಮುದುಕಿಯಾದೆ.”

ಹಿರಿಯಡಕದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಅವಳು ಇಳಿದು, ನನಗೆ ಕಾಯದೆ, ಪೆರ್ಡೂರಿನ ಬಸ್ಸಿನ ಹೆಂಗಸರ ಸೀಟಿನಲ್ಲಿ ಹೋಗಿ ಕೂತಳು. ನಾನು ಹಿಂದೆ ನಿಂತುಕೊಂಡು ಬಂದೆ.

ಈಗ ಅವಳು ಒಳಗೆ ಅನ್ನಕ್ಕೆ ಇಟ್ಟಿದ್ದಾಳೆ. ಇಬ್ಬರಿಗೂ ಇಟ್ಟಿದ್ದಾಳೋ ಇಲ್ಲವೋ ಗೊತ್ತಿಲ್ಲ. ಇಷ್ಟು ಬರೆದು ಹೋಗಿ ಅವಳ ಎದುರು ಕೂತುಕೊಳ್ಳುತ್ತೇನೆ. ಅವಳು ಕೇಳುವುದು ಇನ್ನೂ ಬಹಳ ಇರಬಹುದು, ಎಲ್ಲದಕ್ಕೂ ಉತ್ತರ ಹೇಳುತ್ತೇನೆ.